ಮಗಳ ಟೇಬಲ್ ಟೆನಿಸ್: ಏಳನೇ ಕ್ಲಾಸಿನಲ್ಲೇ ಬೆಂಗಳೂರಿಗೆ ಕಳಿಸಬೇಕಾ?

ನೀರ್ಚಾಲಿನ ಅಪ್ಪ:

ಎಲ್ಲರಿಗೂ ನಮಸ್ಕಾರ. ನಮ್ಮದು ಬದಿಯಡ್ಕ ಹತ್ತಿರ ನೀರ್ಚಾಲು. ಸ್ವಲ್ಪ ಅಡಿಕೆ ತೋಟ, ಒಂದು ಸಣ್ಣ ಅಂಗಡಿ. ಮಗಳಿಗೆ ಹನ್ನೆರಡು ವರ್ಷ, ಕನ್ನಡ ಮೀಡಿಯಂ ಏಳನೇ ಕ್ಲಾಸು. ಊರಿನ ವಾಚನಾಲಯದ ಹಾಲಿನಲ್ಲಿ ಒಂದು ಹಳೇ ಟೇಬಲ್ ಉಂಟು, ಅದರಲ್ಲಿ ಆಡಿ ಆಡಿ ಕಲಿತದ್ದು. ಈ ವರ್ಷ ಜಿಲ್ಲೆಗೆ ಫಸ್ಟ್ ಬಂದಳು. ರಾಜ್ಯ ಮಟ್ಟದಲ್ಲಿ ಕ್ವಾರ್ಟರ್ ಫೈನಲಿಗೆ ಒಂದು ಮ್ಯಾಚ್ ಬಾಕಿ ಇರುವಾಗ ಸೋತಳು.

ರಜೆಯಲ್ಲಿ ಒಂದು ಕ್ಯಾಂಪಿಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿಯ ಕೋಚ್ ಒಬ್ಬರು ಹೇಳಿದರು, "ಹುಡುಗಿಗೆ ಕೈ ಉಂಟು, ಆದರೆ ಕಾಸರಗೋಡಿನಲ್ಲಿ ಇದ್ದರೆ ಇಷ್ಟೇ. ಬೆಂಗಳೂರಿಗೆ ಕಳಿಸಿ, ಹಾಸ್ಟೆಲ್ ಉಂಟು, ಶಾಲೆ ಓಪನ್ ಸ್ಕೂಲಿಂಗ್ ಮಾಡಬಹುದು" ಅಂತ. ಫೀಸು ಕೇಳಿ ನನಗೆ ಒಮ್ಮೆ ತಲೆ ತಿರುಗಿತು. ತೋಟದ ಮೇಲೆ ಸಾಲ ಮಾಡಿದರೆ ಆಗ್ತದೆ, ಆಗದೆ ಇಲ್ಲ. ಮನೆಯವಳಿಗೆ ಮಗು ದೂರ ಹೋಗುವುದು ಬೇಡ. ಭಾವ ಹೇಳ್ತಾರೆ, ಕ್ರಿಕೆಟ್ ಆದರೆ ಬೇರೆ ಮಾತು, ಇದರಲ್ಲಿ ಊಟಕ್ಕೆ ದಾರಿ ಎಲ್ಲಿ ಅಂತ.

ನನಗೆ ಗೊತ್ತಾಗಬೇಕಾದ್ದು ಇಷ್ಟೇ. ಟೇಬಲ್ ಟೆನಿಸ್ ಆಡುವವರಿಗೆ ದುಡ್ಡು ಬರುವುದು ಎಲ್ಲಿಂದ? ಈಗಲೇ ಕಳಿಸದಿದ್ದರೆ ಕಾಲ ಮೀರಿ ಹೋಗ್ತದಾ? ಆಡಿದವರು, ಮಕ್ಕಳನ್ನು ಆಡಿಸಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಮಂಗ್ಳೂರಿನ ಅಮ್ಮ:

ನನ್ನ ಮಗ ಆಡ್ತಾನೆ, ಅಂಡರ್-17. ನಾನು ಹೇಳುವುದು ಕಳಿಸಿ ಅಂತಲೇ. ದೊಡ್ಡ ಊರಿನಲ್ಲಿ ಆಡುವ ಮಕ್ಕಳು ಜಾಸ್ತಿ, ಟೂರ್ನಮೆಂಟ್ ಜಾಸ್ತಿ, ಫಿಟ್‌ನೆಸ್ ನೋಡುವವರು ಇರ್ತಾರೆ. ನಾವು ಕಾದು ಕಾದು ಎರಡು ವರ್ಷ ಕಳೆದೆವು, ಅಷ್ಟರಲ್ಲಿ ಅವನ ಜೊತೆಗಿದ್ದವರು ಮುಂದೆ ಹೋದರು. ಹನ್ನೆರಡು ಸಣ್ಣ ವಯಸ್ಸು ಅಲ್ಲ ಈ ಆಟಕ್ಕೆ.

ಕುಂಬ್ಳೆಯ ಎಡಗೈ:

ನೀರ್ಚಾಲಿನವರೇ, ಇವತ್ತು ರಜೆ, ಹಾಗಾಗಿ ಸಾವಕಾಶದಲ್ಲಿ ಬರೀತೇನೆ. ಉದ್ದ ಆದೀತು, ಓದಿ.

ನಾನು ಕುಂಬ್ಳೆಯವಳು. ಕಣ್ಣೂರು ಯೂನಿವರ್ಸಿಟಿಗೆ ಆಡಿದ್ದೇನೆ, ಕೇರಳ ತಂಡದಲ್ಲಿ ನ್ಯಾಷನಲ್ಸ್ ಆಡಿದ್ದೇನೆ. ಸ್ಪೋರ್ಟ್ಸ್ ಕೋಟಾದಲ್ಲಿ ಕೇಂದ್ರ ಸರ್ಕಾರದ ಒಂದು ಇಲಾಖೆಯಲ್ಲಿ ಕೆಲಸ ಸಿಕ್ಕಿತು. ಈಗ ಮಂಗಳೂರಿನಲ್ಲಿ ಡ್ಯೂಟಿ, ಸಂಜೆ ರೈಲಿನಲ್ಲಿ ಊರಿಗೆ ಬಂದು ಮಕ್ಕಳಿಗೆ ಕಲಿಸ್ತೇನೆ. ಮೊನ್ನೆ ತಾನೇ ಇಂಥದ್ದೇ ಪ್ರಶ್ನೆ ಹಿಡಿದುಕೊಂಡು ಉಪ್ಪಳದಿಂದ ಒಬ್ಬರು ಬಂದಿದ್ದರು. ಆದ್ದರಿಂದ ನಿಮ್ಮ ಸಂಕಟ ನನಗೆ ಚೆನ್ನಾಗಿ ಅರ್ಥ ಆಗ್ತದೆ.

ಮೊದಲು ದುಡ್ಡಿನ ಮಾತು. ನಮ್ಮ ದೇಶದಲ್ಲಿ ಈ ಆಟದವರ ಮನೆ ನಡೆಯುವುದು ಬಹುಮಾನದ ಹಣದಲ್ಲಿ ಅಲ್ಲ, ಉದ್ಯೋಗದ ಸಂಬಳದಲ್ಲಿ. ಭಾರತಕ್ಕೆ ಆಡಿದವರನ್ನೇ ನೋಡಿ. ಶರತ್ ಕಮಲ್ ಇಂಡಿಯನ್ ಆಯಿಲ್‌ನ ಉದ್ಯೋಗಿ. ಸತ್ಯನ್ ಒಎನ್‌ಜಿಸಿ. ಹೈದರಾಬಾದಿನ ಶ್ರೀಜಾ ಅಕುಲಾ ರಿಸರ್ವ್ ಬ್ಯಾಂಕ್. ನ್ಯಾಷನಲ್ಸ್ ನೋಡ್ಲಿಕ್ಕೆ ಹೋದರೆ ಸ್ಕೋರ್‌ಬೋರ್ಡಿನಲ್ಲಿ ಎಷ್ಟೋ ಹೆಸರುಗಳ ಪಕ್ಕದಲ್ಲಿ ರಾಜ್ಯದ ಹೆಸರು ಇರುವುದಿಲ್ಲ. ಪೆಟ್ರೋಲಿಯಂ ಬೋರ್ಡ್, ರೈಲ್ವೆ, ರಿಸರ್ವ್ ಬ್ಯಾಂಕ್ ಅಂತ ಇರ್ತದೆ. ತಿಂಗಳ ಸಂಬಳ, ಅಭ್ಯಾಸಕ್ಕೆ ಸಮಯ, ಟೂರ್ನಮೆಂಟಿಗೆ ರಜೆ. ಆಟ ಬಿಟ್ಟ ಮೇಲೂ ಕೆಲಸ ಉಳಿಯುತ್ತದೆ. ಭಾವನಿಗೆ ಇದನ್ನು ಹೇಳಿ.

ಆ ಕೆಲಸಕ್ಕೆ ಒಲಿಂಪಿಕ್ಸ್ ಆಡಿರಬೇಕು ಅಂತಿಲ್ಲ. ಕೇಂದ್ರ ಸರ್ಕಾರದ ಸ್ಪೋರ್ಟ್ಸ್ ಕೋಟಾದ ಪಟ್ಟಿಯಲ್ಲಿ ಟೇಬಲ್ ಟೆನಿಸ್ ಉಂಟು. ದೇಶಕ್ಕೆ ಆಡಿದವರು ಮೇಲೆ, ಅದರ ಕೆಳಗೆ ರಾಜ್ಯಕ್ಕೆ ನ್ಯಾಷನಲ್ಸ್ ಆಡಿದವರು, ಆಮೇಲೆ ಯೂನಿವರ್ಸಿಟಿಯಿಂದ ಅಂತರ ವಿಶ್ವವಿದ್ಯಾಲಯ ಆಡಿದವರು, ರಾಷ್ಟ್ರೀಯ ಶಾಲಾ ಕ್ರೀಡಾಕೂಟ ಆಡಿದವರು. ರೈಲ್ವೆಯ ಸ್ಪೋರ್ಟ್ಸ್ ಕೋಟಾಕ್ಕೆ ವಯಸ್ಸು 18ರಿಂದ 25. ಈಗ ನೋಡಿ, ಇದರಲ್ಲಿ ಯಾವುದಕ್ಕೂ ಮಾರ್ಕ್ಸ್‌ಕಾರ್ಡ್ ಇಲ್ಲದೆ ಆಗುವುದಿಲ್ಲ. ಯೂನಿವರ್ಸಿಟಿಗೆ ಆಡಬೇಕಾದರೆ ಮೊದಲು ಯೂನಿವರ್ಸಿಟಿಗೆ ಸೇರಬೇಕಲ್ಲ! ಶಾಲೆ ಬಿಡಿಸುವ ಮಾತನ್ನು ಯಾವ ಕೋಚ್ ಹೇಳಿದರೂ ನಾನು ಒಪ್ಪುವುದಿಲ್ಲ. ಅದು ಮಗುವಿನ ಎರಡೂ ಕಾಲಿಗೆ ಪೆಟ್ಟು ಹಾಕಿದ ಹಾಗೆ.

ಬಹುಮಾನದ ಹಣ ಇಲ್ಲವೇ ಇಲ್ಲ ಅಂತ ಅಲ್ಲ. ಡಬ್ಲ್ಯೂಟಿಟಿ, ಅಂದರೆ ವರ್ಲ್ಡ್ ಟೇಬಲ್ ಟೆನಿಸ್ ಟೂರ್ನಮೆಂಟುಗಳು ಪ್ರಪಂಚದಲ್ಲೆಲ್ಲಾ ನಡೀತವೆ. 2024ರಲ್ಲಿ ಶ್ರೀಜಾ ನೈಜೀರಿಯಾದ ಲಾಗೋಸ್‌ನಲ್ಲಿ ಕಂಟೆಂಡರ್ ಎಂಬ ಮಟ್ಟದ ಟೂರ್ನಮೆಂಟ್ ಗೆದ್ದಳು, ಆ ಮಟ್ಟದ ಸಿಂಗಲ್ಸ್ ಗೆದ್ದ ಮೊದಲ ಭಾರತೀಯಳು. ಆದರೆ ಮೊದಲ ರೌಂಡಿನಲ್ಲಿ ಸೋತು ಬಂದವರಿಗೆ ವಿಮಾನದ ಟಿಕೆಟಿನ ದುಡ್ಡೂ ಹುಟ್ಟುವುದಿಲ್ಲ. ಖೇಲೋ ಇಂಡಿಯಾದಲ್ಲಿ ಆಯ್ಕೆ ಆದರೆ ಒಂದು ಮಗುವಿಗೆ ವರ್ಷಕ್ಕೆ 6.28 ಲಕ್ಷದ ಲೆಕ್ಕ, ಅದರಲ್ಲಿ 1.20 ಲಕ್ಷ ಕೈಖರ್ಚಿಗೆ, ಅಂದರೆ ತಿಂಗಳಿಗೆ 10,000. ಒಲಿಂಪಿಕ್ಸ್ ಗುರಿಯ ಟಾಪ್ಸ್ ಯೋಜನೆಯ ಮುಖ್ಯ ಪಟ್ಟಿಗೆ ಬಂದರೆ ತಿಂಗಳಿಗೆ 50,000. ಆ ಪಟ್ಟಿಗೆ ಬರುವವರು ಬೆರಳೆಣಿಕೆ. 2017ರಿಂದ ಅಲ್ಟಿಮೇಟ್ ಟೇಬಲ್ ಟೆನಿಸ್ ಲೀಗ್ ಉಂಟು, ಯುರೋಪಿನಲ್ಲಿ ಕ್ಲಬ್ ಆಟ ಉಂಟು, ಶರತ್ ಜರ್ಮನಿಯಲ್ಲಿ ವರ್ಷಗಟ್ಟಲೆ ಆಡಿದರು. ಇವೆಲ್ಲ ತುದಿಯ ಮಾತು. ಹನ್ನೆರಡರ ಮಗುವಿನ ಮೇಲೆ ಸಾಲ ಮಾಡುವವರು ತುದಿಯನ್ನು ನೋಡಿ ಲೆಕ್ಕ ಹಾಕಬಾರದು.

ಇನ್ನು ಕಾಲ ಮೀರುವ ಮಾತು. ಶರತ್ ಮೊದಲ ರಾಷ್ಟ್ರೀಯ ಪಟ್ಟ ಗೆದ್ದದ್ದು 2003ರಲ್ಲಿ, ಇಪ್ಪತ್ತು ದಾಟಿದ ಮೇಲೆ. ಹತ್ತನೆಯದ್ದು 2022ರಲ್ಲಿ ಶಿಲ್ಲಾಂಗ್‌ನಲ್ಲಿ. ಕಾಮನ್‌ವೆಲ್ತ್ ಸಿಂಗಲ್ಸ್ ಚಿನ್ನ 2006ರಲ್ಲಿ ಒಂದು, ಮತ್ತೆ ಹದಿನಾರು ವರ್ಷ ಕಳೆದು ಬರ್ಮಿಂಗ್‌ಹ್ಯಾಮಿನಲ್ಲಿ, ನಲವತ್ತರ ವಯಸ್ಸಿನಲ್ಲಿ ಇನ್ನೊಂದು. ಐದು ಒಲಿಂಪಿಕ್ಸ್ ಆಡಿ 2025ರ ಮಾರ್ಚಿನಲ್ಲಿ ಚೆನ್ನೈನಲ್ಲೇ ಆಟ ನಿಲ್ಲಿಸಿದರು. ಇನ್ನೊಂದು ಕಡೆ ಬೆಂಗಳೂರಿನ ಅರ್ಚನಾ ಕಾಮತ್. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಮ್ಮ ಹೆಣ್ಣುಮಕ್ಕಳ ತಂಡ ಮೊದಲ ಸಲ ಕ್ವಾರ್ಟರ್ ಫೈನಲ್ ಮುಟ್ಟಿತು. ಜರ್ಮನಿ ವಿರುದ್ಧ 1–3ರಲ್ಲಿ ಸೋತರಲ್ಲ, ಆ ಒಂದು ಮ್ಯಾಚ್ ಗೆದ್ದದ್ದು ಅರ್ಚನಾ. ಅದಾಗಿ ಕೆಲವೇ ದಿನದಲ್ಲಿ ಆಟ ಬಿಟ್ಟು ಓದ್ಲಿಕ್ಕೆ ವಿದೇಶಕ್ಕೆ ಹೋದಳು, 24 ವಯಸ್ಸಿಗೆ. ಆಟದಲ್ಲಿ ದುಡ್ಡಿಲ್ಲ ಅಂತ ಬಿಟ್ಟಳು ಎಂದು ಜನ ಮಾತಾಡಿದರು. ಅವಳೇ ಹೇಳಿದಳು, ದುಡ್ಡಿನ ಕೊರತೆ ಆಗಿರಲಿಲ್ಲ, ಓದಿನ ಮೇಲಿನ ಆಸೆಯಿಂದಲೇ ಹೋಗ್ತಾ ಇದ್ದೇನೆ ಅಂತ. ನಾನು ಅವಳ ಬಗ್ಗೆ ಬಹಳ ಹೆಮ್ಮೆಪಡ್ತೇನೆ. ಒಲಿಂಪಿಕ್ಸ್ ಮುಗಿಸಿ ಬಂದವಳಿಗೆ ಓದಿನ ಬಾಗಿಲು ತೆರೆದೇ ಇತ್ತು, ಯಾಕೆಂದರೆ ಅದನ್ನು ಯಾರೂ ಮುಚ್ಚಿರಲಿಲ್ಲ.

ಬೆಂಗಳೂರು ಬೇಕಾ ಅಂತ ಕೇಳಿದಿರಿ. ಮಂಗ್ಳೂರಿನ ಅಮ್ಮ ಹೇಳಿದ್ದರಲ್ಲಿ ಒಂದು ಸತ್ಯ ಉಂಟು: ಆಡುವ ಮಕ್ಕಳು ಜಾಸ್ತಿ ಇರಬೇಕು. ಊರು ದೊಡ್ಡದೋ ಸಣ್ಣದೋ ಎಂಬುದು ಮುಖ್ಯ ಅಲ್ಲ. ಪಶ್ಚಿಮ ಬಂಗಾಳದ ಸಿಲಿಗುರಿಯನ್ನು ನೋಡಿ, ಮಾಂತು ಘೋಷ್, ಅಂಕಿತಾ ದಾಸ್ ಅಲ್ಲಿಂದ ಬಂದವರು. ಕೋಲ್ಕತ್ತಾದಿಂದ ಆಚೆ ಇರುವ ನೈಹಾಟಿಯಿಂದ ಸುತೀರ್ಥಾ ಮತ್ತು ಐಹಿಕಾ ಮುಖರ್ಜಿ. 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಅವರಿಬ್ಬರು ಚೀನಾದ ಚೆನ್ ಮೆಂಗ್, ವಾಂಗ್ ಯಿದಿ ಜೋಡಿಯನ್ನು ಅವರದೇ ನೆಲದಲ್ಲಿ ಸೋಲಿಸಿ ಕಂಚು ತಂದರು. ಆ ಮ್ಯಾಚ್ ನೋಡುವಾಗ ನನಗೆ ಕಣ್ಣಲ್ಲಿ ನೀರು ಬಂದಿತ್ತು ಮಾರಾಯ್ರೆ. ನಮ್ಮ ಕೇರಳದಲ್ಲೇ ಆಲಪ್ಪುಳದಲ್ಲಿ ಈ ಆಟದ ಗಟ್ಟಿ ಪರಂಪರೆ ಉಂಟು. ಅಲ್ಲಿ ಒಂದೇ ಹಾಲಿನಲ್ಲಿ ಸರಿಸಮ ಮಕ್ಕಳು ದಿನಾ ಒಬ್ಬರನ್ನೊಬ್ಬರು ಸೋಲಿಸ್ತಾ ಬೆಳೀತಾರೆ. ನಿಮ್ಮ ಮಗಳಿಗೆ ಈಗ ಬೇಕಾದ್ದು ಅವಳನ್ನು ದಿನಾ ಸೋಲಿಸುವ ಇಬ್ಬರು ಮೂವರು. ಅವರು ಬದಿಯಡ್ಕದಲ್ಲಿ ಇಲ್ಲದಿರಬಹುದು, ಆದರೆ ಕಾಸರಗೋಡು ಪೇಟೆಯಲ್ಲಿ, ಮಂಗಳೂರಿನಲ್ಲಿ ಸಿಗ್ತಾರೆ. ಆಟಗಾರ್ತಿಯೇ ಆಗಬೇಕು ಅಂತಿಲ್ಲ. ಹಳೇ ಕಾಲದಲ್ಲಿ ಚೆನ್ನಾಗಿ ಆಡ್ತಿದ್ದ ಬ್ಯಾಂಕಿನ ಮಾವಂದಿರು ಇರ್ತಾರಲ್ಲ, ಅವರ ಚಾಪ್ ಮತ್ತು ಬ್ಲಾಕ್ ಮುಂದೆ ನಮ್ಮ ಊರಿನ ಮಕ್ಕಳು ತಡಬಡಿಸ್ತಾರೆ. ಅದು ಒಳ್ಳೇ ಪಾಠ.

ಬೆಂಗಳೂರಿನ ಯಾವ ಕೋಚೂ ನಿಮ್ಮ ಮಗಳಿಗಾಗಿ ಮಾಡಲಾಗದ ಒಂದು ಕೆಲಸ ನೀರ್ಚಾಲಿನ ವಾಚನಾಲಯದಲ್ಲೇ ಆಗ್ತದೆ. ಸರ್ವಿಸ್. ನಾನು ಕಲಿಯುವಾಗ ಗೇಮ್ 21 ಪಾಯಿಂಟಿಗೆ ಇತ್ತು, 2001ರಲ್ಲಿ 11 ಮಾಡಿದರು. ಅದಕ್ಕೆ ಮುಂಚಿನ ವರ್ಷ ಚೆಂಡು 38 ಮಿಲಿಮೀಟರಿನಿಂದ 40 ಆಯಿತು. 21ರಲ್ಲಿ ಐದಾರು ಪಾಯಿಂಟ್ ಹಿಂದೆ ಬಿದ್ದರೂ ಮೇಲೆ ಬರ್ಲಿಕ್ಕೆ ಜಾಗ ಇತ್ತು. 11ರಲ್ಲಿ ಉಸಿರು ಬಿಡುವುದರೊಳಗೆ ಗೇಮ್ ಮುಗೀತದೆ. ತಲಾ ಎರಡೆರಡು ಸರ್ವಿಸ್. ಆ ಎರಡು ಎಲ್ಲಿ ಬೀಳ್ತದೆ, ಯಾವ ತಿರುವಿನಲ್ಲಿ ಬೀಳ್ತದೆ ಎಂಬುದೇ ಅರ್ಧ ಆಟ.

ಅದನ್ನು ಹೀಗೆ ಮಾಡಿಸಿ. ಎದುರು ಯಾರೂ ಬೇಡ. ಟೇಬಲಿನ ಆಚೆ ಬದಿ, ನೆಟ್ಟಿನಿಂದ ಒಂದು ಗೇಣು ಆಚೆಗೆ ಒಂದು ಕಾಗದದ ತುಂಡು ಇಡಿ. ಚೆಂಡು ಅಂಗೈ ಬಿಡಿಸಿದ ಕೈಯಿಂದ ಮೇಲೆ ಹೋಗಬೇಕು, ಕಡಿಮೆ ಅಂದರೆ 16 ಸೆಂಟಿಮೀಟರ್, ಕೆಳಗೆ ಬರುವಾಗಲೇ ಹೊಡೆಯಬೇಕು. ನಮ್ಮ ಕಡೆಯ ಮಕ್ಕಳು ಬೆರಳು ಮಡಚಿ ಚೆಂಡನ್ನು ಹಿಡಿದು ಬಿಸಾಡ್ತಾರೆ. ಜಿಲ್ಲೆಯಲ್ಲಿ ಯಾರೂ ಕೇಳುವುದಿಲ್ಲ, ನ್ಯಾಷನಲ್ಸಿಗೆ ಹೋದ ಕೂಡ್ಲೆ ಅಂಪೈರ್ ಫಾಲ್ಟ್ ಕೊಡ್ತಾರೆ, ಮಗು ಅಲ್ಲೇ ನಡುಗಿ ಹೋಗ್ತದೆ. ಚೆಂಡು ಕಾಗದದ ಮೇಲೆ ಬಿದ್ದರೆ ಸಾಲದು. ಯಾರೂ ಮುಟ್ಟದಿದ್ದರೆ ಅದೇ ಬದಿಯಲ್ಲಿ ಇನ್ನೊಮ್ಮೆ ಪುಟಿಯಬೇಕು, ಅಷ್ಟು ಗಿಡ್ಡ ಇರಬೇಕು. ಆಗ ಎದುರಿನವಳಿಗೆ ಕೈ ಬೀಸಿ ಹೊಡೆಯಲು ಆಗುವುದಿಲ್ಲ. ಒಂದೇ ಕೈ ಚಲನೆಯಲ್ಲಿ ಒಂದು ಸಲ ಕೆಳತಿರುವು, ಒಂದು ಸಲ ತಿರುವೇ ಇಲ್ಲದ ಚೆಂಡು. ನೋಡುವವರಿಗೆ ವ್ಯತ್ಯಾಸ ಗೊತ್ತಾಗಬಾರದು. ಇದು ಬರಲು ತಿಂಗಳುಗಳೇ ಬೇಕು, ಮತ್ತು ಇದಕ್ಕೆ ಫೀಸು ಇಲ್ಲ.

ಮತ್ತೊಂದು, ನಮ್ಮ ಮಳೆ. ಆಟಿ ತಿಂಗಳಲ್ಲಿ ಹಾಲಿನ ಒಳಗೆ ಗೋಡೆಯೇ ಬೆವರ್ತದೆ. ಗಾಳಿಗೆ ಚೆಂಡು ಓಡ್ತದೆ ಅಂತ ಫ್ಯಾನ್ ಹಾಕುವಂತಿಲ್ಲ. ಬ್ಯಾಟಿನ ರಬ್ಬರಿನ ಮೇಲೆ ತೇವ ಕೂತರೆ ಚೆಂಡು ಹಿಡಿಯುವುದಿಲ್ಲ, ಜಾರಿ ಸೀದಾ ನೆಟ್ಟಿಗೆ ಹೋಗ್ತದೆ. ಮಕ್ಕಳು ತಮ್ಮ ಟಾಪ್‌ಸ್ಪಿನ್ ಹಾಳಾಯಿತು ಅಂತ ಅಳ್ತಾರೆ, ಹೊಡೆತವನ್ನೇ ಬದಲು ಮಾಡ್ಲಿಕ್ಕೆ ಹೋಗ್ತಾರೆ. ಬಿಡಬೇಡಿ. ಪ್ರತಿ ಕೆಲವು ಪಾಯಿಂಟಿಗೆ ಒಣ ಬಟ್ಟೆಯಲ್ಲಿ ರಬ್ಬರ್ ಒರೆಸಲಿ, ಆಡಿ ಆದ ಮೇಲೆ ರಬ್ಬರಿನ ಮೇಲೆ ಪ್ಲಾಸ್ಟಿಕ್ ಹಾಳೆ ಹಾಕಿ ಕೇಸಿನಲ್ಲಿ ಇಡಲಿ. ಮಳೆಗಾಲದಲ್ಲಿ ನಾನು ಕಾಲಿನ ಕೆಲಸ ಜಾಸ್ತಿ ಮಾಡಿಸ್ತೇನೆ. ಬಕೆಟ್ ತುಂಬ ಚೆಂಡು ಇಟ್ಟುಕೊಂಡು ಒಂದರ ಹಿಂದೆ ಒಂದು ಎಸೀತೇನೆ, ಒಂದು ಬಲಕ್ಕೆ, ಒಂದು ಎಡಕ್ಕೆ, ಒಂದು ಹೊಟ್ಟೆಗೆ. ಚೆಂಡು ಹೇಗೆ ಹೋಯಿತು ಅಂತ ನೋಡುವುದೇ ಇಲ್ಲ, ಪಾದ ಸರಿಯಾದ ಜಾಗಕ್ಕೆ ಬಂತಾ ಎಂದು ಮಾತ್ರ ನೋಡ್ತೇನೆ.

ನನ್ನ ಅಭಿಪ್ರಾಯ ಕೇಳಿದರೆ, ಹತ್ತನೇ ಕ್ಲಾಸಿನವರೆಗೆ ಊರಲ್ಲೇ ಇರಲಿ. ವಾರಕ್ಕೆ ಎರಡು ದಿನ ಕಾಸರಗೋಡೋ ಮಂಗಳೂರೋ, ಬಾಕಿ ದಿನ ವಾಚನಾಲಯ. ದೊಡ್ಡ ರಜೆಯಲ್ಲಿ ಬೇಕಾದರೆ ಬೆಂಗಳೂರಿನಲ್ಲೋ ಚೆನ್ನೈನಲ್ಲೋ ಒಂದು ಕ್ಯಾಂಪ್. ಅಂಡರ್-15ರಲ್ಲಿ ರಾಜ್ಯದ ಮೊದಲ ನಾಲ್ವರಲ್ಲಿ ಒಬ್ಬಳಾಗಿ, ನ್ಯಾಷನಲ್ಸ್‌ನಲ್ಲಿ ಬೇರೆ ರಾಜ್ಯದವರ ಮೇಲೆ ಮ್ಯಾಚ್ ಗೆಲ್ಲಲು ಶುರು ಮಾಡಿದರೆ ಆಗ ನೀವು ಕಳಿಸಿ. ಅಡಿಕೆ ಸಸಿ ನೆಟ್ಟು ಫಸಲಿಗೆ ವರ್ಷಗಟ್ಟಲೆ ಕಾಯುವವರು ನೀವು, ಮೂರು ವರ್ಷ ಕಾಯುವುದು ನಿಮಗೆ ಹೇಳಿಕೊಡಬೇಕಾಗಿಲ್ಲ.

ಮಂಗ್ಳೂರಿನ ಅಮ್ಮ:

ನೀವು ಹೇಳಿದ್ದು ಸರಿ ಇರಬಹುದು, ಆದರೆ ಎಲ್ಲಾ ಊರಿನಲ್ಲಿ ನಿಮ್ಮ ಹಾಗೆ ಕಲಿಸುವವರು ಇರುವುದಿಲ್ಲ. ಹತ್ತನೇ ಕ್ಲಾಸಿನವರೆಗೆ ತಪ್ಪು ಹೊಡೆತ ಕೂತು ಹೋದರೆ ಆಮೇಲೆ ತಿದ್ದಲು ಆಗ್ತದಾ? ನನ್ನ ಮಗನ ಬ್ಯಾಕ್‌ಹ್ಯಾಂಡ್ ತಿದ್ದಲು ಒಂದು ವರ್ಷ ಹೋಯಿತು.

ಕುಂಬ್ಳೆಯ ಎಡಗೈ:

ಒಪ್ಪಿದೆ. ಅದು ನಿಜವಾದ ಅಪಾಯ. ಅದಕ್ಕೇ ವಾರಕ್ಕೆ ಎರಡು ದಿನ ಗೊತ್ತಿದ್ದವರ ಕಣ್ಣ ಕೆಳಗೆ ಆಡಬೇಕು ಅಂದದ್ದು. ಆದರೆ ಹಾಸ್ಟೆಲಿನ ಅಕಾಡೆಮಿಗಳಲ್ಲೂ ಎಲ್ಲಾ ಮಕ್ಕಳನ್ನೂ ಹೆಡ್ ಕೋಚ್ ನೋಡ್ತಾರೆ ಅಂತ ತಿಳೀಬೇಡಿ. ನನ್ನ ಹತ್ತಿರ ಕಲಿತ ಒಬ್ಬ ಹುಡುಗ ಹಾಗೆ ಒಂದು ಕಡೆ ಸೇರಿದ. ಮೇಲಿನ ನಾಲ್ಕು ಟೇಬಲಿಗೆ ದೊಡ್ಡ ಕೋಚ್, ಕೊನೇ ಟೇಬಲಿನ ಮಕ್ಕಳು ತಮ್ಮ ತಮ್ಮಲ್ಲೇ ಆಡಿಕೊಳ್ಳಬೇಕು. ಸೇರಿಸುವ ಮೊದಲು ಒಂದು ದಿನ ಹೋಗಿ ಕೊನೇ ಟೇಬಲಿನ ಹತ್ತಿರ ನಿಂತು ನೋಡಿ.

ನೀರ್ಚಾಲಿನ ಅಪ್ಪ:

ಅಕ್ಕ, ನಿಮ್ಮ ಉತ್ತರ ಮನೆಯವಳಿಗೆ ಓದಿ ಹೇಳಿದೆ. ಭಾವನಿಗೂ ಕಳಿಸಿದೆ. ಇನ್ನೊಂದು ಗೊಂದಲ ಉಂಟು. ಅಭ್ಯಾಸಕ್ಕೆ ಮಂಗಳೂರು ಹತ್ತಿರ, ಆದರೆ ನಾವು ಇರುವುದು ಕೇರಳ. ರಾಜ್ಯ ಟೂರ್ನಮೆಂಟ್ ಅಂದರೆ ಎರ್ನಾಕುಳಂ, ಆಲಪ್ಪುಳ, ತಿರುವನಂತಪುರ. ಅವಳಿಗೆ ಮಲಯಾಳಂ ಮಾತಾಡ್ಲಿಕ್ಕೆ ಬರ್ತದೆ, ಬರೆಯಲು ಅಷ್ಟಕ್ಕಷ್ಟೇ. ಕರ್ನಾಟಕಕ್ಕೆ ಆಡಿಸುವುದು ಒಳ್ಳೆಯದಾ?

ಕುಂಬ್ಳೆಯ ಎಡಗೈ:

ಶಾಲಾ ಕ್ರೀಡಾಕೂಟಕ್ಕೆ ಶಾಲೆ ಯಾವ ರಾಜ್ಯದ್ದೋ ಆ ರಾಜ್ಯ. ನೀರ್ಚಾಲಿನ ಶಾಲೆಯಲ್ಲಿ ಇರುವವರೆಗೆ ಕೇರಳ. ರಾಜ್ಯ ಬದಲು ಮಾಡಬೇಕಾದರೆ ಅಸೋಸಿಯೇಶನ್‌ನಿಂದ ಎನ್‌ಒಸಿ ಅಂತ ಕಾಗದದ ಓಡಾಟ ಶುರು ಆಗ್ತದೆ, ಈ ವಯಸ್ಸಿನಲ್ಲಿ ಅದು ಬೇಡ. ಕೇರಳದಲ್ಲಿ ಆಡಿದರೆ ನಿಮಗೆ ಲಾಭವೂ ಉಂಟು. ಎಸ್‌ಎಸ್‌ಎಲ್‌ಸಿ, ಪ್ಲಸ್ ಟೂಗೆ ಆಟದ ಗ್ರೇಸ್ ಮಾರ್ಕ್ ಸಿಗ್ತದೆ, ಪ್ಲಸ್ ವನ್ ಸೇರಲು ಸ್ಪೋರ್ಟ್ಸ್ ಕೋಟಾ ಉಂಟು. ಪ್ರತಿ ಸರ್ಟಿಫಿಕೇಟನ್ನೂ ಜೋಪಾನ ಮಾಡಿ, ತೇವಕ್ಕೆ ಹಾಳಾಗದ ಹಾಗೆ ಫೈಲಿನಲ್ಲಿ ಇಡಿ.

ದೂರ ಹೌದು. ಸಂಜೆ ಮಾವೇಲಿ ಎಕ್ಸ್‌ಪ್ರೆಸ್ ಹತ್ತಿದರೆ ತಿರುವನಂತಪುರ ಮುಟ್ಟುವಾಗ ಬೆಳಗಾಗ್ತದೆ. ನಾನು ಹಾಗೇ ಹೋಗಿ, ಸ್ಟೇಷನ್ನಿನಲ್ಲಿ ಮುಖ ತೊಳೆದು, ಒಂಬತ್ತು ಗಂಟೆಗೆ ಮೊದಲ ಮ್ಯಾಚ್ ಆಡಿದವಳು. ಈಗ ನನ್ನ ಮಕ್ಕಳನ್ನು ಒಂದು ದಿನ ಮೊದಲೇ ಕರೆದುಕೊಂಡು ಹೋಗ್ತೇನೆ. ಆ ಒಂದು ರಾತ್ರಿಯ ನಿದ್ರೆಗೆ ಲಾಡ್ಜಿಗೆ ಕೊಡುವ ದುಡ್ಡು ಹೊಸ ಬ್ಯಾಟಿಗಿಂತ ಹೆಚ್ಚು ಪಾಯಿಂಟ್ ತಂದುಕೊಡ್ತದೆ. ಮಲಯಾಳಂ ಬಗ್ಗೆ ಚಿಂತೆ ಬೇಡ. ಹಾಲಿನಲ್ಲಿ ಬೇಕಾಗುವ ಮಲಯಾಳಂ ಎರಡು ಟೂರ್ನಮೆಂಟಿನಲ್ಲಿ ತಾನೇ ಬರ್ತದೆ, ಗೆಳತಿಯರೂ ಆಗ್ತಾರೆ.

ರೈಲ್ವೆಯಲ್ಲಿರುವ ಮಂಜೇಶ್ವರದವ:

ಎಡಗೈ ಅಕ್ಕ ಹೇಳಿದ್ದಕ್ಕೆ ಸ್ವಲ್ಪ ಸೇರಿಸ್ತೇನೆ. ನನಗೆ ಟೇಬಲ್ ಟೆನಿಸ್‌ನಿಂದಲೇ ರೈಲ್ವೆ ಕೆಲಸ ಸಿಕ್ಕಿದ್ದು. ಬೆಳಿಗ್ಗೆ ಅಭ್ಯಾಸ, ಆಮೇಲೆ ಆಫೀಸು, ಸಂಜೆ ಮತ್ತೆ ಹಾಲು. ಟೂರ್ನಮೆಂಟಿನ ಸಮಯಕ್ಕೆ ಬಿಡ್ತಾರೆ. ಎಲ್ಲಾ ವರ್ಷವೂ ಈ ಆಟಕ್ಕೆ ಹುದ್ದೆ ಕರೆಯುವುದಿಲ್ಲ, ಕರೆದಾಗ ವಯಸ್ಸು, ಸರ್ಟಿಫಿಕೇಟ್, ಫಾರ್ಮ್ ಮೂರೂ ಒಟ್ಟಿಗೆ ಇರಬೇಕು. ನನ್ನ ಜೊತೆ ಟ್ರಯಲ್‌ಗೆ ಬಂದವನೊಬ್ಬ ನನಗಿಂತ ಚೆನ್ನಾಗಿ ಆಡ್ತಿದ್ದ, ಪ್ಲಸ್ ಟೂ ಅರ್ಧಕ್ಕೆ ಬಿಟ್ಟಿದ್ದ. ಅವನು ಕೇಳಿದ ಹುದ್ದೆಗೆ ಪ್ಲಸ್ ಟೂ ಬೇಕಿತ್ತು, ಅಲ್ಲಿಂದಲೇ ವಾಪಸ್.

ಆಡುವ ಕಾಲ ಮುಗಿದ ಮೇಲೂ ದಾರಿ ಉಂಟು. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಲ್ಲಿ (ಎನ್‌ಐಎಸ್) ಕೋಚಿಂಗ್ ಡಿಪ್ಲೊಮಾ ಮಾಡಿದರೆ ಶಾಲೆ, ಅಕಾಡೆಮಿಗಳಲ್ಲಿ ಕೋಚ್ ಆಗಬಹುದು. ಅಂಪೈರ್ ಪರೀಕ್ಷೆ ಬರೆಯಬಹುದು. ಹುಡುಗಿಯರಿಗೆ ಕಲಿಸುವ ಹೆಂಗಸು ಕೋಚುಗಳು ನಮ್ಮ ಜಿಲ್ಲೆಯಲ್ಲಿ ತುಂಬ ಬೇಕು, ಎಷ್ಟೋ ತಂದೆತಾಯಿ ಅದೊಂದೇ ಕಾರಣಕ್ಕೆ ಹುಡುಗಿಯರನ್ನು ಹಾಲಿಗೆ ಕಳಿಸುವುದಿಲ್ಲ.

ನೀರ್ಚಾಲಿನ ಅಪ್ಪ:

ಎಲ್ಲರಿಗೂ ದೊಡ್ಡ ಉಪಕಾರ ಆಯಿತು. ಬೆಂಗಳೂರಿನವರಿಗೆ ಫೋನ್ ಮಾಡಿ ಈಗ ಬೇಡ ಅಂತ ಹೇಳಿದೆ. ಕೊನೆಗೆ ಒಂದು ಸಣ್ಣ ಪ್ರಶ್ನೆ. ಅವಳಿಗೆ ಬಟರ್‌ಫ್ಲೈ ಟೆನರ್ಜಿ ರಬ್ಬರ್ ಬೇಕಂತೆ, ಕ್ಯಾಂಪಿನಲ್ಲಿ ಎಲ್ಲರ ಬ್ಯಾಟಿನಲ್ಲೂ ಅದೇ ಇತ್ತಂತೆ. ಮಣಿಕಾ ಬಾತ್ರಾ ಥರ ಹಿಂದಿನ ಬದಿಗೆ ಪಿಂಪಲ್, ಅಂದರೆ ಮೊಳೆಮೊಳೆ ಎದ್ದಿರುವ ರಬ್ಬರ್ ಹಾಕಬೇಕು ಅಂತಲೂ ಹಟ. ತೆಗೆದುಕೊಡಬಹುದಾ?

ಕುಂಬ್ಳೆಯ ಎಡಗೈ:

ಎರಡೂ ಈಗ ಬೇಡ. ಟೆನರ್ಜಿ ಒಂದು ಬದಿಗೇ ಸಾವಿರಗಟ್ಟಲೆ, ದಿನಾ ಆಡುವ ಮಗುವಿಗೆ ಕೆಲವೇ ತಿಂಗಳು ಬರ್ತದೆ. ಮತ್ತು ಅದು ಅವಳ ಕೈಗೆ ಬಹಳ ವೇಗ, ಚೆಂಡು ಅವಳ ಮಾತು ಕೇಳುವುದಿಲ್ಲ. ಪಿಂಪಲ್ ರಬ್ಬರ್ ಎದುರಿನವರ ತಿರುವನ್ನು ಅವರಿಗೇ ತಿರುಗಿಸಿ ಕೊಡ್ತದೆ, ಮಣಿಕಾ ಅದರಲ್ಲೇ ದೊಡ್ಡದೊಡ್ಡವರನ್ನು ಕಟ್ಟಿ ಹಾಕ್ತಾಳೆ, ಒಲಿಂಪಿಕ್ಸ್ ಸಿಂಗಲ್ಸ್‌ನಲ್ಲಿ ಕೊನೇ ಹದಿನಾರರ ಘಟ್ಟಕ್ಕೆ ಬಂದ ಮೊದಲ ಭಾರತೀಯಳು ಅವಳು, ಪ್ಯಾರಿಸ್‌ನಲ್ಲಿ. ಆದರೆ ಹನ್ನೆರಡಕ್ಕೆ ಅದನ್ನು ಹಾಕಿದರೆ ಬ್ಯಾಕ್‌ಹ್ಯಾಂಡ್‌ನಲ್ಲಿ ತಾನೇ ತಿರುವು ಕೊಡುವುದನ್ನು ಕಲಿಯುವುದೇ ಇಲ್ಲ. ಸಾಧಾರಣ ಬೆಲೆಯ, ಹಿಡಿತ ಜಾಸ್ತಿ ಇರುವ ರಬ್ಬರ್ ಎರಡೂ ಬದಿಗೆ ಹಾಕಿಸಿ. ಉಳಿದ ದುಡ್ಡಿನಲ್ಲಿ ಒಂದು ದೊಡ್ಡ ಕಟ್ಟು ಅಭ್ಯಾಸದ ಚೆಂಡು ತನ್ನಿ.

ಶನಿವಾರ ಮಧ್ಯಾಹ್ನದ ಮೇಲೆ ನಾನು ಕುಂಬ್ಳೆ ಹಾಲಿನಲ್ಲಿ ಇರ್ತೇನೆ. ಹಳೇ ಬ್ಯಾಟ್ ಹಿಡಿದುಕೊಂಡೇ ಕರೆದುಕೊಂಡು ಬನ್ನಿ. ಅಲ್ಲಿ ಹದಿನಾಲ್ಕು ವರ್ಷದ ಇಬ್ಬರು ಹುಡುಗಿಯರಿದ್ದಾರೆ, ಮೊದಲ ದಿನವೇ ಅವಳನ್ನು ಸೋಲಿಸ್ತಾರೆ.